ತೆರಕಣಾಂಬಿ ಹಾದಿಯ ಕಿರೀಟದ ಹಕ್ಕಿ

ಚಾಮರಾಜನಗರದಿಂದ ಗುಂಡ್ಲುಪೇಟೆಗೆ ಹೋಗುವ ರಸ್ತೆ ಅಂಥ ದೂರದ್ದಲ್ಲ. ಮೂವತ್ತೈದು ಕಿಲೋಮೀಟರಿನ ಆಸುಪಾಸು. ಎರಡೂ ಕಡೆ ಹೊಲಗಳು, ಅಲ್ಲಲ್ಲಿ ತೆಂಗು, ಬಾಳೆ, ಅರಿಶಿನ, ದೂರದಲ್ಲಿ ಬೆಟ್ಟಗಳ ಸಾಲು. ಈ ಕಡೆ ಬರುವ ಪ್ರವಾಸಿಗರಿಗೆ ಸಾಮಾನ್ಯವಾಗಿ ಅವಸರ. ಅವರ ಮನಸ್ಸೆಲ್ಲ ಬಂಡೀಪುರದ ಹುಲಿಯ ಮೇಲೆ, ಇಲ್ಲವೇ ಅದರಾಚೆಯ ಊಟಿ, ವಯನಾಡುಗಳ ಮೇಲೆ. ಹುಲಿ ಕಂಡರೆ ಪ್ರವಾಸ ಸಾರ್ಥಕ, ಕಾಣದಿದ್ದರೆ ದುಡ್ಡು ದಂಡ ಎನ್ನುವವರೇ ಹೆಚ್ಚು. ನಾನು ಇಲ್ಲಿ ಹೇಳಹೊರಟಿರುವುದು ಟಿಕೆಟ್ಟಿಲ್ಲದೆ, ಜೀಪಿಲ್ಲದೆ ರಸ್ತೆ ಬದಿಯ ಹೊಲದಲ್ಲೇ ನೋಡಲು ಸಿಗುವ ಒಂದು ಹಕ್ಕಿಯ ವಿಷಯ. ತೂಕದಲ್ಲಿ ಹೆಚ್ಚುಕಡಿಮೆ ಒಂದು ಕೋಳಿಮೊಟ್ಟೆಯಷ್ಟು. ಆದರೆ ತಲೆಯ ಮೇಲೆ ಮಹಾರಾಜರ ಕಿರೀಟ!

ಕಿರೀಟದ ಮಾತು ಈ ಊರಿಗೆ ಹೊಸದಲ್ಲ. ಮಕ್ಕಳೇ, ಚಾಮರಾಜನಗರಕ್ಕೆ ಹಿಂದೆ ಅರಿಕುಠಾರ ಎಂಬ ಹೆಸರಿತ್ತು. ಮೈಸೂರಿನ ಖಾಸಾ ಚಾಮರಾಜ ಒಡೆಯರು ಹುಟ್ಟಿದ್ದು ಇಲ್ಲಿಯೇ. ಅವರ ಮಗ ಮುಮ್ಮಡಿ ಕೃಷ್ಣರಾಜ ಒಡೆಯರು 1818ರಲ್ಲಿ ತಂದೆಯ ನೆನಪಿಗಾಗಿ ಊರಿಗೆ ಈಗಿನ ಹೆಸರನ್ನಿಟ್ಟರು. 1826ರಲ್ಲಿ ಚಾಮರಾಜೇಶ್ವರ ದೇವಸ್ಥಾನವನ್ನು ಕಟ್ಟಿಸಿದರು. 1997ರಲ್ಲಿ ಇದು ಮೈಸೂರಿನಿಂದ ಬೇರೆಯಾಗಿ ಜಿಲ್ಲಾ ಕೇಂದ್ರವಾಯಿತು. ಬ್ಯಾಂಕಿನಲ್ಲಿ ಗುಮಾಸ್ತನಾಗಿ ಅಂಕಿ ಬರೆದು ಬರೆದು ನಿವೃತ್ತನಾದ ನಾನು ಇಲ್ಲಿಯೇ ಮನೆ ಮಾಡಿಕೊಂಡಿದ್ದೇನೆ. ನಾನು ಓದಿದ್ದು ಬಿ.ಕಾಂ., ಪಕ್ಷಿಶಾಸ್ತ್ರವಲ್ಲ. ಆದರೆ ಲೆಕ್ಕ ಇಡುವ ಅಭ್ಯಾಸ ಕೈಬಿಟ್ಟಿಲ್ಲ. ಈಗ ಹಣದ ಬದಲು ಹಕ್ಕಿಗಳ ಲೆಕ್ಕ.

ಮಾರ್ಚ್ ತಿಂಗಳ ಒಂದು ಭಾನುವಾರ ಐದನೇ ತರಗತಿಯ ಮೊಮ್ಮಗಳನ್ನು ಕರೆದುಕೊಂಡು ಬೆಳಗಿನ ಬಸ್ಸು ಹತ್ತಿದೆ. ತೆರಕಣಾಂಬಿಯ ಹತ್ತಿರ ಜಮೀನು ಇರುವ ನನ್ನ ಹಳೆಯ ಸಹೋದ್ಯೋಗಿಯೊಬ್ಬರು, ನಮ್ಮ ಶಾಖೆಯಲ್ಲಿ ಅಟೆಂಡರ್ ಆಗಿದ್ದವರು, ಹುಣಸೆಹಣ್ಣು ಕೊಡುತ್ತೇನೆ ಬನ್ನಿ ಎಂದು ಕರೆದಿದ್ದರು. ಮೊಮ್ಮಗಳ ಕೈಯಲ್ಲಿ ಒಂದು ಚಿತ್ರದ ಪುಸ್ತಕ. ಅದರಲ್ಲೊಂದು ಪೆಂಗ್ವಿನ್. ಕೆಂಪು ಕಣ್ಣು, ಹುಬ್ಬಿನ ಜಾಗದಲ್ಲಿ ಹಳದಿ ಗೆರೆ, ಆ ಗೆರೆ ಕಿವಿಯ ಕಡೆಗೆ ಹೋಗುತ್ತ ಉದ್ದನೆಯ ಹಳದಿ ಜುಟ್ಟಾಗಿ ಇಳಿಬಿದ್ದಿದೆ. ತಲೆ ಬಾಚಿಕೊಳ್ಳದೆ ಸ್ಕೂಲಿಗೆ ಹೊರಟ ಹುಡುಗನ ಹಾಗೆ ಕಾಣುತ್ತಿತ್ತು.

"ತಾತ, ಇದರ ಹೆಸರು ರಾಕ್‌ಹಾಪರ್. ನಮ್ಮೂರಲ್ಲಿ ಇಂಥದ್ದು ಇಲ್ವಾ?"

ರಾಕ್‌ಹಾಪರ್ ಎಂದರೆ ಬಂಡೆಯಿಂದ ಬಂಡೆಗೆ ಕುಪ್ಪಳಿಸುವುದು ಎಂದರ್ಥ. ಜುಟ್ಟಿನ ಪೆಂಗ್ವಿನ್‌ಗಳಲ್ಲಿ ಇದೇ ಚಿಕ್ಕದು, ಅರ್ಧ ಮೀಟರಿನಷ್ಟು ಎತ್ತರ. ಇದರ ದಾಯಾದಿ ಮ್ಯಾಕರೋನಿ ಪೆಂಗ್ವಿನ್ ಇನ್ನೂ ದೊಡ್ಡದು. ಹದಿನೆಂಟನೇ ಶತಮಾನದ ಇಂಗ್ಲೆಂಡಿನಲ್ಲಿ ಅತಿಯಾಗಿ ಅಲಂಕಾರ ಮಾಡಿಕೊಳ್ಳುವ ಷೋಕಿಲಾಲರನ್ನು 'ಮ್ಯಾಕರೋನಿ' ಎನ್ನುತ್ತಿದ್ದರಂತೆ. ಹಳದಿ ಜುಟ್ಟು ನೋಡಿ ಆ ಹೆಸರೇ ಇದಕ್ಕೂ ಅಂಟಿತು. ಜುಟ್ಟಿನ ಪೆಂಗ್ವಿನ್‌ಗಳೆಲ್ಲ ಭೂಮಿಯ ದಕ್ಷಿಣಾರ್ಧದ ತಣ್ಣನೆಯ ಕಡಲಿನವು. ರಾಕ್‌ಹಾಪರ್‌ನ ಮನೆ ಫಾಕ್‌ಲ್ಯಾಂಡ್ ದ್ವೀಪಗಳು, ಚಿಲಿ ಮತ್ತು ಅರ್ಜೆಂಟೀನಾ ದೇಶಗಳ ದಕ್ಷಿಣ ತುದಿಯ ಬಂಡೆಗಲ್ಲಿನ ದಡಗಳು. ಊಟಕ್ಕೆ ಕಡಲಲ್ಲಿ ಮುಳುಗಿ ಸಿಗಡಿಯ ಜಾತಿಯ ಪುಟ್ಟ ಕ್ರಿಲ್‌ಗಳನ್ನು, ಸ್ಕ್ವಿಡ್‌ಗಳನ್ನು, ಸಣ್ಣ ಮೀನುಗಳನ್ನು ಹಿಡಿಯುತ್ತದೆ. 2016ರಲ್ಲಿ ಮುಂಬಯಿಯ ಬೈಕುಲ್ಲಾ ಮೃಗಾಲಯಕ್ಕೆ ಪೆಂಗ್ವಿನ್‌ಗಳು ಬಂದವು, ನಿಜ. ಆದರೆ ಅವು ಹಂಬೋಲ್ಟ್ ಎಂಬ ಜಾತಿಯವು, ಅವಕ್ಕೆ ಜುಟ್ಟಿಲ್ಲ.

"ಪೆಂಗ್ವಿನ್ ಇಲ್ಲಮ್ಮ. ಆದರೆ ಜುಟ್ಟು ಇರುವವರು ನಮ್ಮಲ್ಲಿ ಬಹಳ ಜನ ಇದ್ದಾರೆ" ಎಂದು ಬೆರಳು ಮಡಚುತ್ತ ಹೋದೆ. ನವಿಲು. ಮನೆ ಹಿತ್ತಲಿಗೇ ಬರುವ ಪಿಕಳಾರ. ಕಾಡಿನಂಚಿನಲ್ಲಿ ಹಾವು ಹಿಡಿಯುವ ಜುಟ್ಟಿನ ಹದ್ದು. ನಾಲ್ಕನೆಯದಕ್ಕೆ ಬರುವಷ್ಟರಲ್ಲಿ ಕಂಡಕ್ಟರು ಕೂಗಿದರು. ಇಳಿದೆವು. ನಾಲ್ಕನೆಯದನ್ನು ಬಾಯಲ್ಲಿ ಹೇಳುವ ಪ್ರಮೇಯವೇ ಬರಲಿಲ್ಲ, ಹೊಲದಲ್ಲಿ ಅದೇ ಕಾದಿತ್ತು.

ಅರಿಶಿನ ಕಿತ್ತು ಮುಗಿದ ಹೊಲ. ಮಣ್ಣು ಸಡಿಲವಾಗಿ ಬಿದ್ದಿತ್ತು. ಆ ಮಣ್ಣಿನ ಮೇಲೆ ತಿಳಿ ಕಿತ್ತಳೆ ಬಣ್ಣದ, ಮೈನಾಕ್ಕಿಂತ ಸ್ವಲ್ಪ ಉದ್ದವಾದ ಒಂದು ಹಕ್ಕಿ ಪುಟುಪುಟು ನಡೆಯುತ್ತಿತ್ತು. ರೆಕ್ಕೆಯ ಮೇಲೆ ಕಪ್ಪು ಬಿಳುಪಿನ ಪಟ್ಟೆ, ಬಾಲವೂ ಕಪ್ಪು, ನಡುವೆ ಒಂದು ಬಿಳಿ ಪಟ್ಟಿ. ಕೊಕ್ಕು ಉದ್ದ, ತೆಳ್ಳಗೆ, ತುದಿಯಲ್ಲಿ ಸ್ವಲ್ಪ ಬಾಗಿದೆ. ಜುಟ್ಟು ಮಡಚಿಕೊಂಡು ತಲೆಯ ಹಿಂದಕ್ಕೆ ಚಾಚಿಕೊಂಡಿತ್ತು. ಮುಂದೆ ಕೊಕ್ಕು, ಹಿಂದೆ ಜುಟ್ಟು. ಇಡೀ ತಲೆಯೇ ಒಂದು ಪಿಕಾಸಿಯ ಹಾಗೆ!

"ಮರಕುಟಿಗ!" ಎಂದಳು ಮೊಮ್ಮಗಳು. ಹೀಗೆ ಹೇಳುವವರು ಇವಳೊಬ್ಬಳೇ ಅಲ್ಲ, ದೊಡ್ಡವರೂ ಹಾಗೇ ಹೇಳುತ್ತಾರೆ. ಮರಕುಟಿಗ ಮರದ ಕಾಂಡಕ್ಕೆ ಅಂಟಿಕೊಂಡು ಕುಟ್ಟುತ್ತದೆ. ಇದಕ್ಕೆ ಮರ ಕುಟ್ಟುವ ಶಕ್ತಿಯಿಲ್ಲ, ಇದರ ಕೆಲಸವೆಲ್ಲ ನೆಲದ ಮೇಲೆ. ಇದರ ಹೆಸರು ಚಂದ್ರಮುಕುಟ. ಅಷ್ಟರಲ್ಲಿ ನಾಯಿಯೊಂದು ಓಡಿ ಬಂತು. ಹಕ್ಕಿ ಚಿಟ್ಟೆಯ ಹಾಗೆ ಏರುತ್ತ ಇಳಿಯುತ್ತ ಹಾರಿ ಬದುವಿನ ಮೇಲೆ ಕೂತಿತು. ಕೂತ ಕೂಡಲೇ ಜುಟ್ಟು ಬೀಸಣಿಗೆಯಂತೆ ಬಿಚ್ಚಿಕೊಂಡಿತು. ಕಿತ್ತಳೆ ಗರಿಗಳು, ಪ್ರತಿ ಗರಿಯ ತುದಿಗೂ ಕಾಡಿಗೆ ಹಚ್ಚಿದಂತೆ ಕಪ್ಪು. ಮೊಮ್ಮಗಳು ಬಾಯಿಯ ಮೇಲೆ ಕೈಯಿಟ್ಟುಕೊಂಡು ನಿಂತುಬಿಟ್ಟಳು. ಹಾರಿ ಬಂದು ಇಳಿದಾಗ, ಗಾಬರಿಯಾದಾಗ, ಜಗಳಕ್ಕೆ ನಿಂತಾಗ ಮಾತ್ರ ಅದು ಕಿರೀಟ ಬಿಚ್ಚುತ್ತದೆ. ಮಿಕ್ಕ ಹೊತ್ತು ಮಡಚಿಟ್ಟು ಹೊಟ್ಟೆಪಾಡು ನೋಡಿಕೊಳ್ಳುತ್ತದೆ.

ಹೊಟ್ಟೆಪಾಡಿನ ಗುಟ್ಟೆಲ್ಲ ಆ ಕೊಕ್ಕಿನಲ್ಲಿದೆ. ನಾವು ಬದುವಿನ ಈಚೆ, ಇಪ್ಪತ್ತು ಹೆಜ್ಜೆ ದೂರದಲ್ಲಿ ಕೂತು ನೋಡಿದೆವು. ನಾಲ್ಕು ಹೆಜ್ಜೆ ನಡೆಯುವುದು, ಕೊಕ್ಕನ್ನು ಮಣ್ಣಿಗೆ ತೂರಿಸುವುದು, ಸಿಕ್ಕದಿದ್ದರೆ ಮುಂದೆ ಹೋಗುವುದು. ಮಣ್ಣಿನೊಳಗೆ ಹೂತ ಇಕ್ಕಳವನ್ನು ಅಲ್ಲಿಯೇ ಅಗಲಿಸಿ ನೋಡಿ. ಎಷ್ಟು ಕಷ್ಟ! ಚಂದ್ರಮುಕುಟದ ತಲೆಯ ಸ್ನಾಯುಗಳು ಎಷ್ಟು ಗಟ್ಟಿಯೆಂದರೆ ಅದು ಕೊಕ್ಕನ್ನು ಮಣ್ಣೊಳಗೇ ತೆರೆದು ಹುಳುವನ್ನು ಕಚ್ಚಿಕೊಳ್ಳಬಲ್ಲದು. ದೊಡ್ಡ ಹುಳುವಾದರೆ ನೆಲಕ್ಕೆ ಬಡಿದು ಕಾಲು ರೆಕ್ಕೆ ಉದುರಿಸುತ್ತದೆ. ನಾಲಿಗೆ ಚಿಕ್ಕದು, ಹಾಗಾಗಿ ತುತ್ತನ್ನು ಮೇಲಕ್ಕೆ ಚಿಮ್ಮಿ ಗಂಟಲಿಗೆ ಹಾಕಿಕೊಳ್ಳುತ್ತದೆ. ನಾವು ಕಡಲೆಬೀಜ ಎಸೆದು ಬಾಯಲ್ಲಿ ಹಿಡಿಯುತ್ತೇವಲ್ಲ, ಹಾಗೆ.

ಊಟದ ಪಟ್ಟಿ ಹೀಗಿದೆ: ಗಿಡದ ಬೇರು ಕಡಿಯುವ ಗೊಣ್ಣೆಹುಳು, ಜೀರುಂಡೆ, ಮಿಡತೆ, ಮಣ್ಣಲ್ಲಿ ಅಡಗಿದ ಹುಳುಗಳ ಕೋಶ, ಗೆದ್ದಲು, ಇರುವೆ. ಇರುವೆಗಾಗಿ ಧೂಳಲ್ಲಿ ಆಲಿಕೆಯಂಥ ಗುಂಡಿ ತೋಡಿ ಕಾಯುವ ಪುಟ್ಟ ಹುಳುವನ್ನೂ ಬಿಡುವುದಿಲ್ಲ. ಎಲ್ಲೋ ಒಮ್ಮೊಮ್ಮೆ ಸಣ್ಣ ಹಲ್ಲಿ. ಪೆಂಗ್ವಿನ್ ಕಡಲಿನಲ್ಲಿ ಮುಳುಗಿ ಊಟ ತರುತ್ತದೆ, ಇದು ಮಣ್ಣಿನಲ್ಲಿ ಮುಳುಗಿಸಿ ತರುತ್ತದೆ, ಅಷ್ಟೇ ವ್ಯತ್ಯಾಸ.

"ಅದು ನಮ್ಮ ಹೊಲದ ಆಳು ಕನಾ ಕೂಸೇ. ಕೂಲಿ ಕೇಳದ ಆಳು" ಎಂದು ಹಿಂದಿನಿಂದ ದನಿ ಬಂತು. ನನ್ನ ಸಹೋದ್ಯೋಗಿಯ ತಾಯಿ, ಎಂಬತ್ತು ದಾಟಿದವರು, ಕೋಲೂರಿಕೊಂಡು ಬಂದಿದ್ದರು. ಅವರ ಹೊಲದ ಒಂದು ಭಾಗಕ್ಕೆ ಕೊಟ್ಟಿಗೆ ಗೊಬ್ಬರ, ಇನ್ನೊಂದು ಭಾಗಕ್ಕೆ ಗೊಣ್ಣೆಹುಳುವಿಗೆಂದು ಅಂಗಡಿಯ ಹರಳು ಔಷಧಿ. ನಾನು ಗಡಿಯಾರ ನೋಡಿಕೊಂಡು ಒಂದು ಗಂಟೆ ಲೆಕ್ಕವಿಟ್ಟೆ. ಹಕ್ಕಿ ಹನ್ನೊಂದು ಸಲ ಹುಳು ಹಿಡಿದು ಹಾರಿತು. ಹನ್ನೊಂದೂ ಗೊಬ್ಬರದ ಭಾಗದಿಂದಲೇ. ಒಂದು ಗಂಟೆಯ ಲೆಕ್ಕದಿಂದ ಶಾಸ್ತ್ರ ಹೇಳುವುದು ಸರಿಯಲ್ಲ. ಆದರೆ ಹುಳುವೇ ಇಲ್ಲದ ಮಣ್ಣಿನಲ್ಲಿ ಹಕ್ಕಿಗೆ ಏನು ಕೆಲಸ? ಹಾಗೆಂದು ಒಂದು ಹಕ್ಕಿ ಇಡೀ ಹೊಲದ ಪೀಡೆಯನ್ನು ತೊಡೆದುಹಾಕುತ್ತದೆ ಎಂದೂ ಅಲ್ಲ. ಅದು ತನ್ನ ಪಾಲಿನ ಕೆಲಸ ಮಾಡುತ್ತದೆ, ನಾವು ಬಿಟ್ಟರೆ.

ಹಿಡಿದ ಹುಳುವನ್ನು ಅದು ತಾನು ತಿನ್ನದೆ ಎಲ್ಲಿಗೋ ಒಯ್ಯುತ್ತಿತ್ತು. ಬದುವಿನ ಕೊನೆಯಲ್ಲಿ ಒಂದು ಹಳೆಯ ಹುಣಸೆಮರ. ಆಳೆತ್ತರದಲ್ಲಿ ಒಂದು ಪೊಟರೆ. ಹಕ್ಕಿ ಅಲ್ಲಿ ಹೋಗಿ ಜೋತುಬಿದ್ದರೆ ಒಳಗಿನಿಂದ ಇನ್ನೊಂದು ಉದ್ದ ಕೊಕ್ಕು ಹೊರಗೆ ಬಂದು ಹುಳುವನ್ನು ಇಸಿದುಕೊಳ್ಳುತ್ತಿತ್ತು.

ಮಕ್ಕಳೇ, ಇದು ಚಂದ್ರಮುಕುಟದ ಸಂಸಾರದ ರೀತಿ. ನಮ್ಮಲ್ಲಿ ಹೆಚ್ಚಾಗಿ ಫೆಬ್ರವರಿಯಿಂದ ಮೇ ತಿಂಗಳೊಳಗೆ ಮರದ ಪೊಟರೆ, ಗೋಡೆಯ ಬಿರುಕು, ಕಲ್ಲುಕಟ್ಟಡದ ಸಂದುಗಳಲ್ಲಿ ಅದು ಮೊಟ್ಟೆಯಿಡುತ್ತದೆ. ಗೂಡಿಗೆ ಮೆತ್ತನೆಯ ಹಾಸಿಗೆಯ ಉಪಚಾರವೇನೂ ದೊಡ್ಡದಾಗಿಲ್ಲ. ಕಾವಿಗೆ ಕೂರುವುದು ಹೆಣ್ಣು ಮಾತ್ರ, 15ರಿಂದ 18 ದಿನ. ಅಷ್ಟೂ ದಿನ ಊಟ ತಂದುಕೊಡುವುದು ಗಂಡು. ಮರಿಯಾದ ಮೊದಲ ದಿನಗಳಲ್ಲೂ ತಾಯಿ ಗೂಡಿನಲ್ಲೇ ಇರುತ್ತದೆ. ದಾಂಡೇಲಿಯ ಕಡೆ ಕಾಣುವ ಮಂಗಟ್ಟೆ ಹಕ್ಕಿಯ ಹೆಣ್ಣು ಪೊಟರೆಯೊಳಗೆ ಸೇರಿ ಬಾಗಿಲು ಮೆತ್ತಿಕೊಳ್ಳುತ್ತದಲ್ಲ, ಅದೂ ಇದೂ ದೂರದ ನೆಂಟರು. ಇದು ಬಾಗಿಲು ಮೆತ್ತುವುದಿಲ್ಲ. ಅದರ ಬದಲು ಇನ್ನೊಂದು ಉಪಾಯ ಮಾಡಿಕೊಂಡಿದೆ: ನಾತ!

ಕಾವು ಕೂತ ಹೆಣ್ಣಿನ ಬಾಲದ ಬುಡದಲ್ಲಿರುವ ಗ್ರಂಥಿಯಿಂದ ಕೊಳೆತ ಮಾಂಸದ ವಾಸನೆಯ ಕಂದು ದ್ರವ ಒಸರುತ್ತದೆ. ಅದನ್ನು ಮೈಗೂ ಮೊಟ್ಟೆಗಳಿಗೂ ಬಳಿಯುತ್ತದೆ. ತಿಳಿ ನೀಲಿಯಾಗಿದ್ದ ಮೊಟ್ಟೆ ಕಂದಾಗುತ್ತದೆ. ಸ್ಪೇನ್ ದೇಶದ ವಿಜ್ಞಾನಿಗಳು ಇದನ್ನು ಪರೀಕ್ಷಿಸಿ ನೋಡಿದ್ದಾರೆ. ಆ ದ್ರವದಲ್ಲಿ ಒಳ್ಳೆಯ ಬ್ಯಾಕ್ಟೀರಿಯಾಗಳಿದ್ದು, ಮೊಟ್ಟೆಗೆ ತಗಲುವ ಕೆಟ್ಟ ಸೂಕ್ಷ್ಮಾಣುಗಳನ್ನು ಅವು ತಡೆಯುತ್ತವೆ. ಮೊಟ್ಟೆಯ ಸಿಪ್ಪೆಯ ಮೇಲಿನ ಕಣ್ಣಿಗೆ ಕಾಣದಷ್ಟು ಸಣ್ಣ ಕುಳಿಗಳಲ್ಲಿ ಆ ದ್ರವ ನಿಲ್ಲುತ್ತದೆ. ಅಂದರೆ ಅದು ಕೊಳಕಲ್ಲ, ಔಷಧಿ! ಮರಿಗಳೂ ಕಡಿಮೆಯಿಲ್ಲ. ಯಾರಾದರೂ ಗೂಡಿಗೆ ಕೈಹಾಕಿದರೆ ಹಾವಿನಂತೆ ಬುಸ್ ಎನ್ನುತ್ತವೆ. ಆರು ದಿನದ ಮರಿಯೇ ಹಿಂದೆ ತಿರುಗಿ ಗುರಿಯಿಟ್ಟು ಪಿಚಕಾರಿ ಹೊಡೆಯಬಲ್ಲದು. ಯಾವುದರಿಂದ ಎಂದು ನಾನು ಬರೆಯುವುದಿಲ್ಲ, ಊಹಿಸಿಕೊಂಡು ನಗಿ.

ಮೊಮ್ಮಗಳು ಮೂಗು ಮುಚ್ಚಿಕೊಂಡು ನಗುತ್ತಿದ್ದಳು. ನನ್ನ ಸಹೋದ್ಯೋಗಿ ಮಾತ್ರ ನಗಲಿಲ್ಲ. "ಸಾರ್, ಆ ಮರ ಮಾರ್ಬುಟ್ಟಿವ್ನಿ. ಹಣ್ಣು ಬಡಿದಾಯ್ತು. ಶುಕ್ರವಾರ ಆಳು ಕರ್ಕಂಡು ಬತ್ತೀನಿ ಅಂದವ್ನ ಸೌದೆಯವ್ನು. ಮುಂಗಡಾನೂ ಈಸ್ಕಂಡಿವ್ನಿ" ಎಂದರು.

ಮರ ಇಟ್ಟಿಗೆ ಗೂಡಿನ ಸೌದೆಗೆ ಹೋಗುವುದಿತ್ತು. ಅವರ ಮೊಮ್ಮಗನನ್ನು ಜೂನ್‌ನಲ್ಲಿ ಕಾಲೇಜಿಗೆ ಸೇರಿಸಬೇಕು. ಆ ದುಡ್ಡಿಗೇ ಈ ಮರ. ಅದರಲ್ಲಿ ನಾನು ತಪ್ಪು ಹುಡುಕುವಂತಿರಲಿಲ್ಲ. ಹಕ್ಕಿಗಾಗಿ ಹುಡುಗನ ಓದು ಬಿಡಿ ಎಂದು ಪಿಂಚಣಿ ಬರುವವನು ಹೇಳುವುದು ಸುಲಭ. ನಾನು ಕೇಳಿದ್ದು ಒಂದೇ ಪ್ರಶ್ನೆ: "ಹೆಣ್ಣು ಹಕ್ಕಿ ಹೊರಗೆ ಕಾಣದೆ ಎಷ್ಟು ದಿನವಾಯಿತು?" ಒಂದು ವಾರ ಎಂದರು. ಹಳೆಯ ಚಾಳಿ, ಟಿಕೆಟ್ಟಿನ ಹಿಂಭಾಗದಲ್ಲೇ ಲೆಕ್ಕ ಹಾಕಿದೆ. ಕಾವು ಹೆಚ್ಚೆಂದರೆ 18 ದಿನ. ಮರಿಗಳು ಗೂಡು ಬಿಡುವುದಕ್ಕೆ 26ರಿಂದ 29 ದಿನ. ಒಟ್ಟು ಹೆಚ್ಚೆಂದರೆ 47. ಅದರಲ್ಲಿ 7 ಕಳೆದಿದೆ. ಉಳಿದದ್ದು 40.

"ನಲವತ್ತು ದಿನ ತಡೆಯಬಹುದೇ? ಜೂನ್‌ಗೆ ಇನ್ನೂ ಸಮಯವಿದೆ."

ಅವರು ಅಲ್ಲಿಂದಲೇ ಸೌದೆಯವನಿಗೆ ಫೋನು ಮಾಡಿದರು. ಅವನದೂ ಒಂದು ನ್ಯಾಯ. ಏಪ್ರಿಲ್‌ನಲ್ಲಿ ಮಳೆ ಬಿದ್ದು ಹೊಲ ಕೆಸರಾದರೆ ಲಾರಿ ಬರುವುದಿಲ್ಲ, ಟ್ರ್ಯಾಕ್ಟರಿನಲ್ಲಿ ಎಳೆಸಬೇಕು, ಎರಡು ಸಾವಿರ ಮುರಿದುಕೊಂಡು ಕೊಡುತ್ತೇನೆ ಎಂದ. ಆ ಎರಡು ಸಾವಿರ ನಾನು ಕೊಡುತ್ತೇನೆ ಎಂದು ಜೇಬಿಗೆ ಕೈಹಾಕಿದೆ. ಅಷ್ಟು ಹೊತ್ತು ಸುಮ್ಮನಿದ್ದ ಅಜ್ಜಿ ಕೋಲನ್ನು ನೆಲಕ್ಕೆ ಕುಟ್ಟಿದರು.

"ಬಾಣಂತಿ ಇರ ಮನೆಯ ಯಾರಾರ ಕೆಡವ್ತಾರ? ಸುಮ್ಮನಿರು ಮಗ. ನೀವೂ ಜೇಬಿಗ ಕೈ ಹಾಕ್ಬೇಡಿ ಸ್ವಾಮಿ. ಬಾಣಂತನದ ಖರ್ಚು ತವರುಮನೆದು. ಈ ಹೊಲವೇ ಅದಕ್ಕ ತವರು."

ಅದಾದ ಮೇಲೆ ಯಾರೂ ಮಾತಾಡಲಿಲ್ಲ. ಸಹೋದ್ಯೋಗಿ ಫೋನಿನಲ್ಲಿ "ಏಪ್ರಿಲ್ ಇಪ್ಪತ್ತು ಕಳೀಲಿ" ಎಂದಷ್ಟೇ ಹೇಳಿ ಇಟ್ಟರು.

ಮಧ್ಯಾಹ್ನ ಮುದ್ದೆ, ಹುರುಳಿಕಾಳಿನ ಸಾರು ಉಂಡು ಗುಂಡ್ಲುಪೇಟೆಯ ಬಸ್ಸು ಹಿಡಿದೆವು. ಮೊಮ್ಮಗಳಿಗೆ ಒಂದು ಕಥೆ ಹೇಳಬೇಕಾಯಿತು. ಅರಬ್ ಮತ್ತು ಯಹೂದಿ ಜನರಲ್ಲಿ ಹಿಂದಿನಿಂದ ಬಂದ ಕಥೆ. ಸುಲೇಮಾನ್ ಎಂಬ ರಾಜ ಮರುಭೂಮಿಯಲ್ಲಿ ಬಿಸಿಲಿನಿಂದ ಬಳಲುತ್ತಿದ್ದಾಗ ಈ ಹಕ್ಕಿಗಳು ಗುಂಪಾಗಿ ಹಾರಿ ಅವನಿಗೆ ನೆರಳು ಕೊಟ್ಟವು. ಏನು ಬೇಕು ಕೇಳಿ ಎಂದ ರಾಜ. ಚಿನ್ನದ ಕಿರೀಟ ಬೇಕು ಎಂದವು. ಕೊಟ್ಟ. ಚಿನ್ನದಾಸೆಗೆ ಜನ ಹಕ್ಕಿಗಳನ್ನು ಹಿಡಿದು ಕೊಲ್ಲತೊಡಗಿದರು. ಉಳಿದವು ಅಳುತ್ತ ರಾಜನ ಬಳಿ ಬಂದವು. ರಾಜ ಚಿನ್ನವನ್ನು ತೆಗೆದು ಗರಿಯ ಕಿರೀಟ ಮಾಡಿಕೊಟ್ಟ. ಅಂದಿನಿಂದ ಹಕ್ಕಿ ಬದುಕಿಕೊಂಡಿತು. ಕುರಾನಿನಲ್ಲಿಯೂ ಈ ಹಕ್ಕಿ ಬರುತ್ತದೆ. ಶೇಬಾ ದೇಶದ ರಾಣಿಯ ಸುದ್ದಿಯನ್ನು ಸುಲೇಮಾನನಿಗೆ ತಂದದ್ದು ಇದೇ. ಅರಬ್ಬಿಯಲ್ಲಿ ಇದರ ಹೆಸರು ಹುದ್‌ಹುದ್. 2014ರ ಅಕ್ಟೋಬರಿನಲ್ಲಿ ವಿಶಾಖಪಟ್ಟಣಕ್ಕೆ ಅಪ್ಪಳಿಸಿದ ಚಂಡಮಾರುತದ ಹೆಸರು ನೆನಪಿದೆಯೇ? ಹುದ್‌ಹುದ್! ಒಮಾನ್ ದೇಶ ಸೂಚಿಸಿದ್ದ ಹೆಸರು ಅದು. 2008ರಲ್ಲಿ ಇಸ್ರೇಲ್ ದೇಶದ ಜನ ಮತ ಹಾಕಿ ಇದನ್ನೇ ರಾಷ್ಟ್ರಪಕ್ಷಿಯಾಗಿ ಆರಿಸಿಕೊಂಡರು. ಅದರ ಕೂಗನ್ನೇ ಹೋಲುವ ವೈಜ್ಞಾನಿಕ ಹೆಸರು ಉಪುಪ ಎಪಾಪ್ಸ್. ಹುಪ್, ಹುಪ್, ಹುಪ್ ಎಂದು ಮೆಲ್ಲಗೆ ಕೂಗಿ ನೋಡಿ, ಹೆಸರು ತಾನೇ ಬಾಯಿಗೆ ಬರುತ್ತದೆ.

ಯೂರೋಪು, ಏಷ್ಯಾ, ಆಫ್ರಿಕಾ, ಎಲ್ಲ ಕಡೆಯೂ ಇದರ ಬಳಗವಿದೆ. ನಮ್ಮ ದಕ್ಷಿಣದ ಹಕ್ಕಿಗಳು ವರ್ಷವಿಡೀ ಇಲ್ಲೇ ಇರುವವು. ಉತ್ತರದ ಶೀತ ದೇಶಗಳ ಬಳಗ ಚಳಿಗಾಲದಲ್ಲಿ ಭಾರತಕ್ಕೆ ವಲಸೆ ಬರುತ್ತದೆ. ಎವರೆಸ್ಟಿಗೆ ಹೋದ ಮೊದಲ ತಂಡದವರು ಸುಮಾರು 6,400 ಮೀಟರ್ ಎತ್ತರದಲ್ಲಿ ಒಂದು ಚಂದ್ರಮುಕುಟವನ್ನು ಕಂಡಿದ್ದರು. ನಮ್ಮ ಗೋಪಾಲಸ್ವಾಮಿ ಬೆಟ್ಟದ ಎತ್ತರ 1,454 ಮೀಟರ್. ಅಂಥ ನಾಲ್ಕು ಬೆಟ್ಟಗಳನ್ನು ಒಂದರ ಮೇಲೊಂದು ಪೇರಿಸಿದರೂ ಆ ಹಕ್ಕಿಯಿದ್ದಲ್ಲಿಗೆ ಮುಟ್ಟುವುದಿಲ್ಲ.

ಗುಂಡ್ಲುಪೇಟೆಯಲ್ಲಿ ಇಳಿದು ವಿಜಯನಾರಾಯಣ ದೇವಸ್ಥಾನ ನೋಡಿ ಊರಾಚೆ ಸ್ವಲ್ಪ ನಡೆದೆವು. ಜುಲೈ, ಆಗಸ್ಟ್ ತಿಂಗಳಲ್ಲಾದರೆ ಇಲ್ಲಿ ಸೂರ್ಯಕಾಂತಿ, ಚೆಂಡುಹೂವಿನ ಹೊಲಗಳು ಹಳದಿ ಕೇಸರಿ ಜಮಖಾನ ಹಾಸಿದಂತಿರುತ್ತವೆ. ಕೇರಳದಿಂದ ಜನ ಕಾರು ಮಾಡಿಕೊಂಡು ಬಂದು ಫೋಟೋ ತೆಗೆಸಿಕೊಳ್ಳುತ್ತಾರೆ. ಮಾರ್ಚಿನಲ್ಲಿ ನೆಲ ಬರಿದು. ಬರಿದು ಎಂದು ನಮಗೆ ಅನ್ನಿಸುತ್ತದೆ. ಚಂದ್ರಮುಕುಟಕ್ಕೆ ಬೇಕಾದದ್ದು ಇಂಥ ನೆಲವೇ. ಎತ್ತರದ ಹುಲ್ಲಿನಲ್ಲಿ, ದಟ್ಟ ಪೊದೆಯಲ್ಲಿ ಅದಕ್ಕೆ ನಡೆಯಲಾಗದು. ದನ ಮೇಯ್ದು ಮೋಟಾದ ಹುಲ್ಲು, ಉತ್ತ ಹೊಲ, ತೋಪಿನ ನೆರಳು, ಸ್ಕೂಲಿನ ಮೈದಾನ, ಇವು ಅದರ ಊಟದ ಮನೆ. ಹತ್ತಿರದಲ್ಲೇ ಒಂದು ಪೊಟರೆಯ ಮರವೋ ಹಳೆಯ ಗೋಡೆಯೋ ಇದ್ದರೆ ಅದು ಮಲಗುವ ಮನೆ. ಎರಡೂ ಬೇಕು. ಒಂದಿದ್ದು ಒಂದಿಲ್ಲದಿದ್ದರೆ ಸಂಸಾರ ನಡೆಯುವುದಿಲ್ಲ.

ಈ ಮಾತನ್ನು ಸ್ವಿಟ್ಜರ್ಲೆಂಡಿನ ಜನ ಮಾಡಿಯೇ ತೋರಿಸಿದ್ದಾರೆ. ಅಲ್ಲಿನ ವಾಲೇ ಎಂಬ ಕಣಿವೆಯಲ್ಲಿ ಚಂದ್ರಮುಕುಟಗಳು ಕೆಲವೇ ಜೋಡಿ ಉಳಿದಿದ್ದವು. ಕೆಳಗಿನ ಬಯಲಿನಲ್ಲಿ ಹುಳುಗಳಿದ್ದವು, ಪೊಟರೆಗಳಿರಲಿಲ್ಲ. ಹೊಲಗಳ ನಡುವಿನ ಕೊಟ್ಟಿಗೆ, ಶೆಡ್ಡುಗಳ ಗೋಡೆಗಳಲ್ಲಿ ನೂರಾರು ಮರದ ಪೆಟ್ಟಿಗೆಗಳನ್ನು ಇಟ್ಟರು. ಕೆಲವೇ ವರ್ಷಗಳಲ್ಲಿ ಹಕ್ಕಿಗಳು ಹಲವು ಪಟ್ಟು ಹೆಚ್ಚಿದವು. ನಮ್ಮೂರಿನ ಲೆಕ್ಕವನ್ನೂ ನೋಡೋಣ. ಮಣ್ಣಿನ ಗೋಡೆ ಹೋಗಿ ಸಿಮೆಂಟು ಬಂತು, ಅದರಲ್ಲಿ ಬಿರುಕಿಲ್ಲ. ರಸ್ತೆ ಅಗಲವಾಗುವಾಗ ಸಾಲುಮರಗಳು ಹೋದವು, ಅವುಗಳೊಂದಿಗೆ ಪೊಟರೆಗಳೂ ಹೋದವು. ಗೋಮಾಳ ಕಿರಿದಾಯಿತು. ಚಂದ್ರಮುಕುಟ ಇನ್ನೂ ಅಳಿವಿನ ಪಟ್ಟಿಗೆ ಸೇರಿಲ್ಲ. ಆದರೆ ಜಗತ್ತಿನಲ್ಲಿ ಅದರ ಸಂಖ್ಯೆ ಇಳಿಮುಖವಾಗಿದೆ. ಪುಸ್ತಕದ ರಾಕ್‌ಹಾಪರ್ ಪೆಂಗ್ವಿನ್ ಅಪಾಯದ ಪಟ್ಟಿಯಲ್ಲಿಯೇ ಇದೆ. ಅದರ ಕಡಲಿಗೆ ನಾವು ಇಲ್ಲಿಂದ ಹೋಗಿ ಏನೂ ಮಾಡಲಾರೆವು. ನಮ್ಮ ಹುಣಸೆಮರ ಬಸ್ಸಿನ ದೂರದಲ್ಲಿದೆ.

ಏಪ್ರಿಲ್ ಹದಿನೇಳರ ಸಂಜೆ ಫೋನು ಬಂತು. "ಸಾರ್, ನಾಕು ಮರಿ! ಈವತ್ತು ಬೆಳಿಗ್ಗೆ ಕೊನೇದೂ ಹಾರ್ತು." ನಡುವೆ ಎರಡು ಮಳೆ ಬಿದ್ದಿತ್ತು. ಸೌದೆಯವನು ಹೇಳಿದ ಹಾಗೆ ಲಾರಿ ಒಳಗೆ ಬರಲಿಲ್ಲ, ಎರಡು ಸಾವಿರವೂ ಮುರಿಯಿತು. ನಾನೂ ಮೊಮ್ಮಗಳೂ ಮರ ಕಡಿಯುವ ದಿನ ಹೋಗಿದ್ದೆವು. ನೋಡಲು ಹಿತವಾದ ಕೆಲಸವಲ್ಲ. ಕೊಂಬೆಗಳು ಬಿದ್ದವು, ಮೇಲಿನ ಕಾಂಡ ಬಿತ್ತು. ಪೊಟರೆಯ ಮಟ್ಟಕ್ಕೆ ಬಂದಾಗ ಸೌದೆಯವನು ಕಾಂಡಕ್ಕೆ ಕೊಡಲಿಯ ಹಿಂಬದಿಯಿಂದ ಬಡಿದು ನೋಡಿದ. ಟೊಳ್ಳು ಸದ್ದು ಬಂತು.

"ಇದು ಪೊಳ್ಳು. ತೂಕವೇ ಬರಲ್ಲ. ಕುಯ್ದ ಕೂಲಿಯೂ ಹುಟ್ಟಲ್ಲ" ಎಂದ.

"ಹಂಗಾದ್ರ ಬುಟ್ಬುಡು. ಪೊಳ್ಳು ನಮಗೇ ಇರ್ಲಿ" ಎಂದರು ಅಜ್ಜಿ.

ಹೀಗೆ ಎಂಟಡಿ ಎತ್ತರದ ಟೊಳ್ಳು ಕಾಂಡ ಬದುವಿನ ಮೇಲೆ ಉಳಿಯಿತು. ಸೌದೆಯವನ ತಕ್ಕಡಿಯಲ್ಲಿ ಅದಕ್ಕೆ ಬೆಲೆಯಿಲ್ಲ, ಹಕ್ಕಿಯ ತಕ್ಕಡಿಯಲ್ಲಿ ಮರದಲ್ಲೆಲ್ಲ ಬೆಲೆಬಾಳುವ ಭಾಗ ಅದೇ. ಹುಣಸೆ ಗಟ್ಟಿ ಜೀವದ ಮರ. ಆಷಾಢದ ಹೊತ್ತಿಗೆ ಕಾಂಡದ ಸುತ್ತ ತಿಳಿಹಸಿರು ಚಿಗುರು ಒಡೆದಿತ್ತು. ಅವರ ಮೊಮ್ಮಗ ಕಾಲೇಜಿಗೆ ಸೇರಿದ. ಮುಂದಿನ ಫೆಬ್ರವರಿಯಲ್ಲಿ ಒಂದು ಚಂದ್ರಮುಕುಟ ಆ ಪೊಟರೆಯೊಳಗೆ ತಲೆ ಹಾಕಿ ನೋಡಿ ಹೋಯಿತೆಂದು ಸುದ್ದಿ ಬಂತು. ಗೂಡಿಟ್ಟಿತೋ ಇಲ್ಲವೋ ಎಂಬುದು ಅದರ ಇಷ್ಟ. ಜಾಗ ಖಾಲಿಯಿದೆ.

ಅಜ್ಜ ಅಜ್ಜಿಯರೇ, ನಿಮ್ಮ ಹಿತ್ತಲಿನಲ್ಲೋ ಹೊಲದಲ್ಲೋ ಅಂಥ ಒಂದು ಪೊಳ್ಳು ಮರವಿದ್ದರೆ, ಯಾರ ತಲೆಯ ಮೇಲೂ ಬೀಳುವ ಅಪಾಯವಿಲ್ಲವೆಂದರೆ, ಅದನ್ನು ಹಾಗೇ ಬಿಡಿ. ಹೊಲದ ಒಂದು ಅಂಚಿಗಾದರೂ ಔಷಧಿ ತಾಕದಿರಲಿ. ಮಕ್ಕಳೇ, ನಿಮ್ಮ ಕೆಲಸ ಇನ್ನೂ ಸುಲಭ. ನಾಳೆ ಬೆಳಿಗ್ಗೆ ಸ್ಕೂಲಿನ ಮೈದಾನದಲ್ಲಿ ಅಥವಾ ಊರ ತೋಪಿನಲ್ಲಿ ಕಿತ್ತಳೆ ಬಣ್ಣದ ಪಿಕಾಸಿ ತಲೆಯ ಹಕ್ಕಿ ನಡೆಯುತ್ತಿದೆಯೇ ನೋಡಿ. ಕಂಡರೆ ಇಪ್ಪತ್ತು ಹೆಜ್ಜೆ ದೂರದಲ್ಲಿ ಸದ್ದಿಲ್ಲದೆ ಕೂತುಕೊಳ್ಳಿ. ಕಲ್ಲು ಎಸೆದು ಕಿರೀಟ ಬಿಚ್ಚಿಸಬೇಡಿ, ಕಾದರೆ ಅದೇ ಬಿಚ್ಚುತ್ತದೆ. ಎಷ್ಟು ಸಲ ಮಣ್ಣಿಗೆ ಕೊಕ್ಕು ಹಾಕಿತು, ಎಷ್ಟು ಸಲ ಹುಳು ಸಿಕ್ಕಿತು ಎಂದು ನೋಟುಬುಕ್ಕಿನಲ್ಲಿ ಬರೆದುಕೊಳ್ಳಿ. ದಿನಾಂಕ ಹಾಕುವುದನ್ನು ಮರೆಯಬೇಡಿ. ಗೂಡು ಕಂಡರೆ ಮಾತ್ರ ಹತ್ತಿರ ಹೋಗಬೇಡಿ, ಯಾರಿಗೂ ಕೈಹಾಕಲು ಬಿಡಬೇಡಿ. ಹಾಗೂ ಯಾರಾದರೂ ಹೋದರೆ ಮರಿಗಳ ಪಿಚಕಾರಿಯ ವಿಷಯ ಹೇಳಿ ಹೆದರಿಸಿ!